ಆಸ್ಪತ್ರೆ ಜೀಪು ಮತ್ತು ಜುವಾಂವಣ್ಣನ ಕಿವಿ

ಈಚೆಗೆ ಹಳಿಯಾಳದ ಗ್ಯಾರೇಜೊಂದರಿಂದ ನನಗೆ ಕರೆ ಬಂತು. ಒಂದು ಕಾರು ವಿಪರೀತ ಪೆಟ್ರೋಲು ಕುಡಿಯುತ್ತಿತ್ತು, ಏರು ಬಂದರೆ ಮುಗ್ಗರಿಸುತ್ತಿತ್ತು. ಸ್ಕ್ಯಾನರ್ ಹಚ್ಚಿದರೆ ಆಕ್ಸಿಜನ್ ಸೆನ್ಸರ್ ನಿಧಾನವಾಗಿದೆ ಎಂದು ತೋರಿಸುತ್ತಿತ್ತು. ಹೊಸದು ಹಾಕಿದ್ದರು. ಕೆಲವೇ ತಿಂಗಳಲ್ಲಿ ಅದೂ ನಿಧಾನವಾಗಿತ್ತು.

ಹೊಗೆ ಕೊಳವೆಯಲ್ಲಿ ಕೂತು, ಸುಟ್ಟ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಕ್ಷಣಕ್ಷಣಕ್ಕೂ ವರದಿ ಒಪ್ಪಿಸುವ ಸಣ್ಣ ಸಾಧನ ಅದು. ವರದಿ ನೋಡಿ ಗಾಡಿಯ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಪರದೆಯ ಮೇಲಿನ ಗೆರೆ ಚಟ್ಟನೆ ಮೇಲೆ ಕೆಳಗೆ ಜಿಗಿಯಬೇಕು. ಇಲ್ಲಿ ಅದು ತೂಕಡಿಸುತ್ತ ಏರುತ್ತಿತ್ತು. ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ. ನಿಜವನ್ನೇ ತಡವಾಗಿ ಹೇಳುತ್ತಿತ್ತು. ಬಿಚ್ಚಿಸಿ ನೋಡಿದೆ. ಅದರ ಮೂತಿಗೆ ಎಣ್ಣೆ ಸುಟ್ಟ ಕರಿ ಗಟ್ಟಿಯಾಗಿ ಅಂಟಿತ್ತು. ಎಂಜಿನ್ನಿನ ವಾಲ್ವುಗಳಿಂದ ಎಣ್ಣೆ ಸೋರಿ, ಉರಿದು, ಸೆನ್ಸರಿನ ಮೇಲೆ ಕೂರುತ್ತಿತ್ತು. ಮೊದಲು ಆ ಸೋರಿಕೆ ನಿಲ್ಲಿಸಿ ಆಮೇಲೆ ಹೊಸದು ಹಾಕಿರಿ ಎಂದೆ. ಹಾಗೆ ಮಾಡಿದರು, ಕಾರು ಸರಿಹೋಯಿತು.

ಹೊರಡುವಾಗ ಗ್ಯಾರೇಜಿನವರೊಬ್ಬರು, "ನಿಮ್ಮ ಕಾಲದಾಗ ಈ ಸೆನ್ಸರ್ ಎಲ್ಲಿತ್ರಿ ಕಾಕಾ? ಪೆಟ್ರೋಲ್ ಹೆಚ್ಚಾತೋ ಗಾಳಿ ಹೆಚ್ಚಾತೋ, ಹೆಂಗ ತಿಳೀತಿತ್ತು?" ಎಂದು ಕೇಳಿದರು.

"ಮೂಗಿಲೆ, ಕಣ್ಣಿಲೆ, ಕಿವಿಲೆ" ಎಂದು ಹೇಳಿ ಬಂದೆ. ಮನೆಗೆ ಬಂದ ಮೇಲೆ ಆ ಉತ್ತರ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾದೀತೆಂದು ಬರೆಯಲು ಕೂತಿದ್ದೇನೆ. ಬರೆಯಲು ಕೂತಾಗಲೆಲ್ಲ ಜುವಾಂವಣ್ಣನೇ ಕಣ್ಣ ಮುಂದೆ ಬರುತ್ತಾನೆ.

ನಾನು ಶಿವಪ್ಪ, ಹಳಿಯಾಳ ಕಡೆಯ ಒಕ್ಕಲು ಮನೆತನದವನು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ದಾಂಡೇಲಿಯ ಒಂದು ಸರ್ಕಾರಿ ವಾಹನ ದುರಸ್ತಿ ಶೆಡ್ಡಿಗೆ ಮೆಕ್ಯಾನಿಕ್ಕಾಗಿ ಸೇರಿದೆ. ಸುತ್ತಲ ತಾಲೂಕುಗಳ ಸರ್ಕಾರಿ ಜೀಪುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಬಹುತೇಕ ಪೆಟ್ರೋಲ್ ಜೀಪುಗಳು. ಜೋಯಿಡಾ ಕಡೆಯಿಂದ ಬಂದ ಜೀಪಿನ ಅಡಿಯಲ್ಲಿ ಕೆಂಪು ಕೆಸರು, ಮುಂಡಗೋಡದಿಂದ ಬಂದದ್ದರಲ್ಲಿ ಭತ್ತದ ಹೊಟ್ಟು, ಕುಳಗಿಯಿಂದ ಬಂದದ್ದರಲ್ಲಿ ಸಾಗವಾನಿ ಎಲೆ. ಗಾಡಿ ಯಾವ ಊರಿನದೆಂದು ನಂಬರು ನೋಡದೆ ಹೇಳುತ್ತಿದ್ದೆವು.

ಶೆಡ್ಡಿನ ಮುಖ್ಯಸ್ಥ ಮಾರುತಿರಾವ್ ಮಿಸ್ತ್ರಿ ಬೆಳಗಾವಿ ಕಡೆಯವರು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. "ಆದಿ ಮೂಗು, ಆಮ್ಯಾಲ ಪಾನಾ" ಎನ್ನುವುದು ಅವರ ಮೊದಲ ಪಾಠ. ಗಾಡಿ ಬಂದ ಕೂಡಲೇ ಪಾನಾ, ಅಂದರೆ ಸ್ಪ್ಯಾನರ್, ಹಿಡಿದರೆ ಬೈಯುತ್ತಿದ್ದರು. ಮೊದಲು ಎಂಜಿನ್ ಚಾಲೂ ಮಾಡಿ ಹೊಗೆ ಕೊಳವೆಯ ಹಿಂದೆ ನಿಲ್ಲಬೇಕು. ಕಣ್ಣು ಉರಿದು ಹಸಿ ಪೆಟ್ರೋಲಿನ ವಾಸನೆ ಬಂದರೆ ಗಾಳಿ ಕಡಿಮೆ. ಕೊಳವೆಯೊಳಗೆ ಬೆರಳಾಡಿಸಿದಾಗ ಕಾಡಿಗೆಯಂಥ ಒಣ ಮಸಿ ಬಂದರೂ ಅದೇ ಅರ್ಥ. ಮಸಿ ಜಿಡ್ಡಾಗಿದ್ದರೆ ಎಣ್ಣೆ ಸುಡುತ್ತಿದೆ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬೂದಿಯಂತೆ ಬಿಳಿಚಿದ್ದರೆ ಗಾಳಿ ಹೆಚ್ಚು, ಹಾಲು ಹಾಕಿದ ಚಹಾದ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ನಮ್ಮ ಸೆನ್ಸರುಗಳು ಇವೇ.

ಮಿಸ್ತ್ರಿ ತಪ್ಪು ಮಾಡುತ್ತಿರಲಿಲ್ಲವೆಂದಲ್ಲ. ಒಂದು ಸಲ ಮಳೆಗಾಲ ಮುಗಿದ ಮೇಲೆ ಕುಳಗಿ ಕ್ಯಾಂಪಿನ ಜೀಪನ್ನು ಎಳೆದು ತಂದರು. ಚಾಲೂ ಆಗುತ್ತಿತ್ತು, ಕೆಮ್ಮಿ ನಿಲ್ಲುತ್ತಿತ್ತು. ಅವತ್ತು ಮಿಸ್ತ್ರಿಗೆ ಏನು ಅವಸರವಿತ್ತೋ, ತಮ್ಮ ಪಾಠವನ್ನೇ ಮರೆತು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ನೇರ ಕೈ ಹಾಕಿದರು. ಬಿಚ್ಚಿದರು, ತೊಳೆದರು, ಮತ್ತೆ ಕೂರಿಸಿದರು. ಕೆಮ್ಮು ಹೋಗಲಿಲ್ಲ. ಪಂಪು ಬಿಚ್ಚಿದರು. ಮಧ್ಯಾಹ್ನ ದಾಟಿತು. ಆಗ ಜೀಪಿನ ಹಿಂದೆ ಕೂತು ರೊಟ್ಟಿ ತಿನ್ನುತ್ತಿದ್ದ ಡ್ರೈವರೊಬ್ಬ ಅಲ್ಲಿಂದಲೇ ಕೂಗಿದ: "ಮಿಸ್ತ್ರೀ, ಹಿಂದಿನ ಬಾಗಲಾ ಮುಚ್ಚೈತಿ. ಗಾಳಿ ಹೊರಗ ಹೋಗೂದ ಹೆಂಗ?" ತಿಂಗಳುಗಟ್ಟಲೆ ನಿಂತಿದ್ದ ಆ ಜೀಪಿನ ಹೊಗೆ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು! ಕಬ್ಬಿಣದ ಸಲಾಕೆಯಿಂದ ಚುಚ್ಚಿದ ಮೇಲೆ ಎಂಜಿನ್ ಒಮ್ಮೆ ಗುಡುಗಿ, ಮಣ್ಣುಂಡೆಗಳನ್ನು ಅಂಗಳದ ತುಂಬ ಉಗುಳಿ, ಸರಾಗವಾಗಿ ಓಡಿತು. ಮಿಸ್ತ್ರಿ ಎಲ್ಲರಿಗಿಂತ ಹೆಚ್ಚು ನಕ್ಕರು. ಎಲ್ಲರಿಗೂ ಚಹಾ, ಭಜಿ ತರಿಸಿದರು.

ಆ ಡ್ರೈವರೇ ಜುವಾಂವಣ್ಣ.

ಜುವಾಂವಣ್ಣ ಸಿದ್ದಿ ಕ್ರಿಶ್ಚಿಯನ್ನರವನು. ಊರು ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಹಳ್ಳಿ. ತಂದೆ ತಾಯಿ ಕೂಲಿ ಮಾಡಿ ಬೆಳೆಸಿದ್ದರು. ಲಾರಿ ಕ್ಲೀನರಾಗಿ ದುಡಿದು ಡ್ರೈವಿಂಗ್ ಕಲಿತು ಸರ್ಕಾರಿ ನೌಕರಿ ಹಿಡಿದಿದ್ದ. ಅವರ ಊರಲ್ಲಿ ಸರ್ಕಾರಿ ಗಾಡಿಯ ಸ್ಟಿಯರಿಂಗ್ ಹಿಡಿದ ಮೊದಲಿಗ ಅವನು. ಖಾಕಿ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು.

ಅವನ ಪಾಲಿಗೆ ಬಂದದ್ದು ಆಸ್ಪತ್ರೆ ಜೀಪು. ಜೋಯಿಡಾ ತಾಲೂಕಿನ ಒಳಹಳ್ಳಿಗಳಿಗೆ, ಕುಂಬಾರವಾಡ, ಉಳವಿ ಕಡೆಗೆಲ್ಲ ನರ್ಸನ್ನೂ ಔಷಧಿಯನ್ನೂ ಒಯ್ಯಬೇಕು, ಬರುವಾಗ ಹೆರಿಗೆ ಕಷ್ಟವಾದವರನ್ನೋ ಜ್ವರ ಏರಿದವರನ್ನೋ ದಾಂಡೇಲಿಗೆ ತರಬೇಕು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಆ ಊರುಗಳಲ್ಲಿ ಈ ಜೀಪಿನ ಸದ್ದಿಗೆ ಕಾಯುವವರಿದ್ದರು.

ಉಳಿದ ಡ್ರೈವರುಗಳು ನಮ್ಮಲ್ಲಿಗೆ ಬಂದು "ಗಾಡಿ ಸರಿ ಇಲ್ಲ" ಎಂದಷ್ಟೇ ಹೇಳುತ್ತಿದ್ದರು. ಜುವಾಂವಣ್ಣ ಹಾಗಲ್ಲ. "ಶಿವಪ್ಪಾ, ಇಳಿಜಾರಿನ್ಯಾಗ ಕಾಲು ತೆಗದ್ರ ಎರಡು ಸಲ ಟಪ್ ಅಂತೈತಿ. ಸೈಲೆನ್ಸರ್ ಜೋಡಿನ್ಯಾಗ ಗಾಳಿ ಎಳ್ಯಾಕತ್ತೈತಿ, ನೋಡು" ಎನ್ನುತ್ತಿದ್ದ. ನೋಡಿದರೆ ಅಲ್ಲೇ ಇರುತ್ತಿತ್ತು. ಅವನ ಕಿವಿಯಿಂದಾಗಿ ನನ್ನ ಅರ್ಧ ಕೆಲಸ ಮುಗಿದಿರುತ್ತಿತ್ತು. ಗಾಡಿಯ ದೂರನ್ನು ಕೇಳುವುದೇ ಒಂದು ವಿದ್ಯೆ ಎಂದು ನಾನು ಕಲಿತದ್ದು ಅವನ ಬಾಯಿಂದ ಕೇಳಿ.

ನಾಲ್ಕೈದು ವರ್ಷ ಹೀಗೇ ನಡೆಯಿತು. ಆಮೇಲೆ ಅವನು ದೂರು ತರುವುದು ಕಡಿಮೆಯಾಯಿತು. ಜೀಪು ಚೆನ್ನಾಗಿದೆ ಎಂದುಕೊಂಡೆ. ಆದರೆ ಸರ್ವೀಸಿಗೆ ಬಂದಾಗ ಬೇರಿಂಗ್ ಸವೆದು ಹೋಗಿರುತ್ತಿತ್ತು, ಫ್ಯಾನ್ ಬೆಲ್ಟು ಹರಿಯುವ ಹಂತಕ್ಕೆ ಬಂದಿರುತ್ತಿತ್ತು. "ಸಪ್ಪಳ ಬರಲಿಲ್ಲೇನು ಜುವಾಂವಣ್ಣ?" ಎಂದರೆ, "ರಸ್ತೆ ಕೆಟ್ಟೈತಿ, ಎಲ್ಲಾ ಸಪ್ಪಳಾನ" ಎಂದು ನಗುತ್ತಿದ್ದ. ಮಾತಾಡುವಾಗ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದ.

ಒಂದು ಬೇಸಿಗೆಯಲ್ಲಿ ಆಸ್ಪತ್ರೆ ಜೀಪು ಪೆಟ್ರೋಲು ವಿಪರೀತ ಕುಡಿಯತೊಡಗಿತು. ಏರಿನಲ್ಲಿ ಕರಿ ಹೊಗೆ ಬಿಟ್ಟು ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ. ಶೆಡ್ಡಿಗೆ ಬಂದಾಗ ಮಾತ್ರ ಏನೂ ಇಲ್ಲದಂತೆ ಓಡುತ್ತಿತ್ತು. ಪ್ಲಗ್ಗುಗಳು ಕಪ್ಪಗಿದ್ದವು, ಅಂದರೆ ಪೆಟ್ರೋಲು ಹೆಚ್ಚು. ಎಲ್ಲಿಂದ ಹೆಚ್ಚು ಎಂದು ತಿಳಿಯಲಿಲ್ಲ. ಗಾಳಿಯ ಫಿಲ್ಟರ್ ಸ್ವಚ್ಛವಿತ್ತು. ಗಾಳಿ ತಡೆಯುವ ಚೋಕು ಪೂರ್ತಿ ತೆರೆಯುತ್ತಿತ್ತು. ಪೆಟ್ರೋಲು ಸೂಸುವ ಸಣ್ಣ ರಂಧ್ರಗಳೂ ಸರಿಯಾಗಿದ್ದವು.

ಮಿಸ್ತ್ರಿ ಹೇಳಿದರು: "ಬ್ಯಾನಿ ರಸ್ತೇಮ್ಯಾಗ ಬರತೈತಿ, ನೀ ಶೆಡ್ಡಿನ್ಯಾಗ ಹುಡುಕ್ತಿ. ನಾಳೆ ಜೀಪಿನ ಜೋಡಿ ಹೋಗು."

ಮರುದಿನ ಬೆಳಿಗ್ಗೆ ಬೇಕಾದ ಪಾನಾಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಜುವಾಂವಣ್ಣನ ಪಕ್ಕ ಕೂತೆ. ನರ್ಸ್ ಸುಮಿತ್ರಾಬಾಯಿ ಹಿಂದಿನ ಬೆಂಚಿನಲ್ಲಿ, ಡ್ರೈವರ ಬೆನ್ನ ಹಿಂದೆಯೇ ಕೂತಿದ್ದರು. ಮುಂಡಗೋಡ ಕಡೆಯವರು, ಗಂಡನನ್ನು ಕಳೆದುಕೊಂಡು ನೌಕರಿಗೆ ಸೇರಿದವರು. ನಾವೆಲ್ಲ ಅವರನ್ನು ಬಾಯಾರೆಂದು ಕರೆಯುತ್ತಿದ್ದೆವು.

ಜೋಯಿಡಾ ದಾಟುವವರೆಗೆ ಜೀಪು ಚೆನ್ನಾಗಿ ಓಡಿತು. ಒಂದು ಏರಿನಲ್ಲಿ ಎಂಜಿನ್ನಿನ ದನಿ ಭಾರವಾಗುವುದು ನನಗೆ ಕೇಳಿಸಿತು. ಮಾತಾಡುತ್ತ ಮಾತಾಡುತ್ತ ಗಂಟಲಿಗೆ ಕಫ ಬಂದ ಹಾಗೆ. ಜುವಾಂವಣ್ಣ ಗೇರು ಇಳಿಸಲೂ ಇಲ್ಲ, ಕಾಲು ಸಡಿಲಿಸಲೂ ಇಲ್ಲ. ಮೊದಲಿನ ಜುವಾಂವಣ್ಣ ಆಗಿದ್ದರೆ ನನಗಿಂತ ಮೊದಲೇ ಹುಬ್ಬು ಗಂಟಿಕ್ಕುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಮರದ ದಿಮ್ಮಿ ತುಂಬಿದ ಲಾರಿಯೊಂದು ಹಾರ್ನು ಬಾರಿಸತೊಡಗಿತು. ಜುವಾಂವಣ್ಣ ದಾರಿ ಬಿಡಲಿಲ್ಲ. ಲಾರಿಯವನು ಬಾರಿಸುತ್ತಲೇ ಇದ್ದ. ಆಗ ಸುಮಿತ್ರಾಬಾಯಿ ಹಿಂದಿನಿಂದ ಕೈ ಚಾಚಿ ಅವನ ಬಲ ಹೆಗಲನ್ನು ಮೆಲ್ಲಗೆ ತಟ್ಟಿದರು. ಅವನು ತಟ್ಟನೆ ಜೀಪನ್ನು ಎಡಕ್ಕೆ ಒತ್ತಿದ. ಲಾರಿ ದಾಟಿ ಹೋಯಿತು.

ನಾನು ಹಿಂದಕ್ಕೆ ತಿರುಗಿ ನೋಡಿದೆ. ಬಾಯಾರು ಕಿಟಕಿಯಾಚೆ ನೋಡುತ್ತಿದ್ದರು.

ಕುಂಬಾರವಾಡದಲ್ಲಿ ಜುವಾಂವಣ್ಣ ನೀರು ತರಲು ಹೋದಾಗ ಕೇಳಿದೆ: "ಬಾಯಾರ, ಎಷ್ಟು ದಿನದಿಂದ ಹಿಂಗ?"

ಅವರು ಔಷಧಿ ಡಬ್ಬಿ ಮುಚ್ಚುತ್ತ ಹೇಳಿದರು: "ಹೋದ ಮಳಿಗಾಲದಿಂದ ಕೇಳೂದು ಪೂರ್ತಿ ಕಡಿಮಿ ಆಗೈತ್ರಿ. ಅದಕ್ಕೂ ಮೊದಲ ಸುರು ಆಗಿತ್ತು. ಮನ್ಯಾಗ ಉಣ್ಣೂ ಬಾಯಿ ಆರು ಅದಾವ. ಹೇಳಿದ್ರ ನೌಕರಿ ಹೋಕ್ಕೈತಿ. ನಾ ಹಿಂದ ಕುಂತು ಅವರ ಕಿವಿ ಆಗೇನಿ. ನಾ ರಜಾ ಸುದ್ದಾ ಹಾಕೂದಿಲ್ರಿ."

ಆ ದಾರಿಯ ತಿರುವುಗಳು, ಒಂದು ಪಕ್ಕದ ಇಳಿಜಾರು ಕಣ್ಣ ಮುಂದೆ ಬಂದವು. ಆ ಆರು ಬಾಯಿಗಳೂ ಬಂದವು. ಶೆಡ್ಡಿಗೆ ಹೋದ ಮೇಲೆ ಯೋಚಿಸೋಣ ಎಂದುಕೊಂಡೆ.

ಮಧ್ಯಾಹ್ನ ಹಳ್ಳಿಯ ಒಂದು ಮನೆಯಿಂದ ಗರ್ಭಿಣಿಯೊಬ್ಬಳನ್ನು ಚಾಪೆಯಲ್ಲಿ ಹೊತ್ತು ತಂದರು. ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಳು. ಕೂಸು ಅಡ್ಡ ತಿರುಗಿದೆ, ದಾಂಡೇಲಿಗೆ ಒಯ್ಯಲೇಬೇಕು ಎಂದರು ಬಾಯಾರು. ಅವಳ ಗಂಡನೂ ಅತ್ತೆಯೂ ಹತ್ತಿದರು. ಹೊರಟು ಬಹಳ ದೂರ ಬಂದಿರಲಿಲ್ಲ, ಉದ್ದನೆಯ ಏರಿನಲ್ಲಿ ಎಂಜಿನ್ ಮತ್ತೆ ಗಂಟಲು ಕಟ್ಟಿಸಿಕೊಂಡಿತು. ಹಿಂದೆ ಕರಿ ಹೊಗೆ. ಏರಿನ ನಡುವೆ ನಿಂತೇ ಹೋಯಿತು.

ಬಾನೆಟ್ ಎತ್ತಿದೆ. ಕಾರ್ಬುರೇಟರಿನ ಮೈಯೆಲ್ಲ ಪೆಟ್ರೋಲಿನಿಂದ ಒದ್ದೆ. ಶೆಡ್ಡಿನಲ್ಲಿ ಕಾಣದಿದ್ದ ರೋಗ ಇಲ್ಲಿ ಕಂಡಿತು. ಮುಚ್ಚಳ ಬಿಚ್ಚಿ ಒಳಗಿನ ಫ್ಲೋಟನ್ನು ತೆಗೆದೆ. ಫ್ಲೋಟ್ ಎಂದರೆ ಹಿತ್ತಾಳೆಯ ಟೊಳ್ಳು ಡಬ್ಬಿ. ಪೆಟ್ರೋಲಿನಲ್ಲಿ ತೇಲುತ್ತ ಮೇಲೆ ಬಂದು, ಸಾಕಷ್ಟು ತುಂಬಿದ ಕೂಡಲೇ ಒಳಹರಿವಿನ ಬಾಗಿಲು ಮುಚ್ಚುವುದು ಅದರ ಕೆಲಸ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಕುಳುಕುಳು ಎಂದಿತು. ಎಲ್ಲೋ ಕೂದಲೆಳೆಯಷ್ಟು ತೂತಾಗಿ ಪೆಟ್ರೋಲು ಒಳಗೆ ಸೇರಿತ್ತು. ಭಾರವಾದ ಫ್ಲೋಟ್ ತೇಲದೆ, ಬಾಗಿಲು ಮುಚ್ಚದೆ, ಎಂಜಿನ್ನಿಗೆ ಪೆಟ್ರೋಲು ಉಕ್ಕುತ್ತಿತ್ತು. ನಿಂತಾಗ, ಕಾವು ಏರಿ ಇಳಿದಾಗ ಆ ತೂತಿನಿಂದಲೇ ಒಂದಿಷ್ಟು ಹೊರಗೆ ಹೋಗಿ ಮತ್ತೆ ಹಗುರಾಗುತ್ತಿತ್ತು. ಅದಕ್ಕೇ ಶೆಡ್ಡಿಗೆ ಬಂದಾಗ ಗಾಡಿ ಸಾಧುವಾಗಿರುತ್ತಿತ್ತು.

"ಸಿಕ್ತು ಜುವಾಂವಣ್ಣ, ಇಲ್ಲಿ ಕೇಳು" ಎಂದು ಸಂತೋಷದಲ್ಲಿ ಫ್ಲೋಟನ್ನು ಅವನ ಕೈಗೆ ಕೊಟ್ಟೆ. ಅಭ್ಯಾಸ ಬಲದಿಂದ ಕೊಟ್ಟೆ. ಅವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಇನ್ನೊಂದು ಕಿವಿಗೆ ಬದಲಿಸಿ ಮತ್ತೆ ಅಲ್ಲಾಡಿಸಿದ. ಆಮೇಲೆ ನನ್ನ ಮುಖ ನೋಡಿದ. ಫ್ಲೋಟನ್ನು ನನ್ನ ಅಂಗೈಯಲ್ಲಿಟ್ಟು, "ಏನು ಮಾಡೂಣು ಹೇಳು" ಎಂದ.

ಒಳಗೆ ಹೆಂಗಸು ನರಳುತ್ತಿದ್ದಳು. ಗಂಡನನ್ನು ಕರೆದು, ಹತ್ತಿರದ ಮನೆಯಿಂದ ಕುದಿಯುವ ನೀರು ತರಲು ಹೇಳಿದೆ. ಹೆರಿಗೆಗೆಂದು ತಿಳಿದು ಅವನು ಓಡಿದ. ದೊಡ್ಡ ತಂಬಿಗೆಯಲ್ಲಿ ತಂದ. ಜೀಪಿನಿಂದ ದೂರ ಹೋಗಿ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದೆ. ಅಂಚಿನ ಬೆಸುಗೆಯಲ್ಲಿ ಒಂದು ಕಡೆಯಿಂದ ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದವು. ತೂತು ಅಲ್ಲಿ. ಅದನ್ನು ಕೆಳಮುಖ ಮಾಡಿ ಎತ್ತಿ ಹಿಡಿದೆ. ಕಾವಿಗೆ ಒಳಗಿನ ಪೆಟ್ರೋಲು ತಾನಾಗಿ ಚಿಮ್ಮಿ ಹೊರಬಿತ್ತು. ಮತ್ತೆ ಮತ್ತೆ ಮುಳುಗಿಸಿ ಪೂರ್ತಿ ಖಾಲಿ ಮಾಡಿದೆ. ಇನ್ನು ತೂತು ಮುಚ್ಚಬೇಕು. ಬೆಸುಗೆ ಹಾಕಲು ಆ ಕಾಡಿನಲ್ಲಿ ಏನಿದೆ?

"ಬಾಯಾರ, ಸಾಬಾಣ ಐತೇನ್ರಿ?"

ಅವರು ಕೈ ತೊಳೆಯುವ ಕೆಂಪು ಸಾಬೂನಿನ ತುಂಡು ಕೊಟ್ಟರು. ಪೆಟ್ರೋಲಿನಲ್ಲಿ ಸಾಬೂನು ಕರಗುವುದಿಲ್ಲ. ಟ್ಯಾಂಕು ಸೋರಿದಾಗ ಲಾರಿಯವರು ಹಚ್ಚುವುದನ್ನು ನೋಡಿದ್ದೆ. ಫ್ಲೋಟನ್ನು ಒರೆಸಿ ಒಣಗಿಸಿ ತೂತಿನ ಮೇಲೆ ಸಾಬೂನು ತಿಕ್ಕಿ, ಉಗುರಿನಿಂದ ಒತ್ತಿ ತುಂಬಿದೆ. ಒದ್ದೆಯಾದ ಪ್ಲಗ್ಗುಗಳನ್ನು ಜುವಾಂವಣ್ಣ ಅಷ್ಟರಲ್ಲಿ ಬಿಚ್ಚಿ ಒರೆಸಿಟ್ಟಿದ್ದ. ಎಲ್ಲ ಕೂರಿಸಿ ಚಾಲೂ ಮಾಡಿದೆವು. ಎಂಜಿನ್ ಎರಡು ಸಲ ಕರಿ ಹೊಗೆ ಕಾರಿ ಸ್ವಚ್ಛವಾಯಿತು.

ಆ ದಾರಿಯುದ್ದಕ್ಕೂ ಜುವಾಂವಣ್ಣ ಹೊಡೆದ ಹಾಗೆ ಯಾರೂ ಗಾಡಿ ಹೊಡೆದದ್ದನ್ನು ನಾನು ಕಂಡಿಲ್ಲ. ಗುಂಡಿ ಬಂದರೆ ಹಿಂದಿನ ಚಾಪೆ ಅಲುಗದಂತೆ ದಾಟಿಸುತ್ತಿದ್ದ. ಬಾಯಾರ ಒಂದು ಕೈ ಗರ್ಭಿಣಿಯ ಹೊಟ್ಟೆಯ ಮೇಲೆ, ಇನ್ನೊಂದು ಅವನ ಹೆಗಲ ಮೇಲೆ ಇತ್ತು. ಆಸ್ಪತ್ರೆಯಲ್ಲಿ ಸಂಜೆ ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ಮರುದಿನ ಶೆಡ್ಡಿನಲ್ಲಿ ಫ್ಲೋಟಿಗೆ ಸರಿಯಾದ ಬೆಸುಗೆ ಹಾಕಿದೆ. ಈ ಕೆಲಸದಲ್ಲಿ ಒಂದು ಮಾತು ನೆನಪಿಡಬೇಕು. ತೂತು ಮುಚ್ಚಬೇಕೆಂದು ಸೀಸ ಸುರಿದರೆ ಫ್ಲೋಟ್ ಭಾರವಾಗಿ ಮತ್ತೆ ಅದೇ ರೋಗ ಬರುತ್ತದೆ. ಎಷ್ಟು ಬೇಕೋ ಅಷ್ಟೇ, ಹೆಚ್ಚಾದದ್ದನ್ನು ಕೆರೆದು ತೆಗೆಯಬೇಕು. ಒಳಗೆ ಒಂದು ಹನಿ ಪೆಟ್ರೋಲೂ ಇಲ್ಲವೆಂದು ಖಾತ್ರಿಯಾಗದೆ ಕಾದ ಕಬ್ಬಿಣ ಮುಟ್ಟಿಸಬಾರದು.

ಜೀಪು ಚಾಲೂ ಇಟ್ಟು ನಾನು ಎಂಜಿನ್ ಪರೀಕ್ಷಿಸುತ್ತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಒಳಗಿನ ಸದ್ದು ಕೇಳುವುದು ನಮ್ಮ ರೂಢಿ. ಜುವಾಂವಣ್ಣ ಪಕ್ಕದಲ್ಲಿ ನಿಂತಿದ್ದ. ನಮ್ಮ ಊರಲ್ಲಿ ಕಿವಿ ಮಂದವಾದ ಒಬ್ಬ ಮುದುಕರು ಹಾರ್ಮೋನಿಯಂ ಪೆಟ್ಟಿಗೆಗೆ ಹಲ್ಲು ಊರಿ ಶ್ರುತಿ ಹಿಡಿಯುತ್ತಿದ್ದುದು ನನಗೆ ಯಾಕೋ ಆಗ ನೆನಪಾಯಿತು. ಹಿಡಿಕೆ ಒರೆಸಿ ಅವನಿಗೆ ಕೊಟ್ಟು, ಹಲ್ಲಿನಲ್ಲಿ ಕಚ್ಚಿಕೋ ಎಂದು ಸನ್ನೆ ಮಾಡಿದೆ.

ಅವನು ಬಾಗಿ, ಹಿಡಿಕೆ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಊರಿದ. ಒಂದು ಗಳಿಗೆ ಹಾಗೇ ಇದ್ದ. ಕಣ್ಣುಗಳು ದೊಡ್ಡವಾದವು. ತುದಿಯನ್ನು ಬೇರೆ ಕಡೆ ಇಟ್ಟ, ಇನ್ನೊಂದು ಕಡೆ ಇಟ್ಟ. ಸ್ಕ್ರೂಡ್ರೈವರ್ ಬಾಯಲ್ಲಿದ್ದಂತೆಯೇ ಕಣ್ಣೀರು ಇಳಿಯತೊಡಗಿತು. ಮಿಸ್ತ್ರಿ ಕೆಲಸ ಬಿಟ್ಟು ಎದ್ದು ಬಂದರು. ಶೆಡ್ಡಿನವರೆಲ್ಲ ಬಂದು ನಿಂತರು.

ಬಹಳ ಹೊತ್ತಿನ ಮೇಲೆ ಅವನು ತಲೆ ಎತ್ತಿದ. "ಎರಡನೇ ವಾಲ್ವು ಸಡ್ಲ ಐತಿ ಶಿವಪ್ಪಾ" ಎಂದ. ಆಮೇಲೆ ಯಾರೂ ಕೇಳದೆಯೇ ಜೇಬಿನಿಂದ ಜೀಪಿನ ಕೀಲಿ ತೆಗೆದು ಮಿಸ್ತ್ರಿಯ ಕೈಗಿಟ್ಟ.

"ಯಾಕೊ?" ಎಂದರು ಮಿಸ್ತ್ರಿ, ಅವನ ಮುಖಕ್ಕೆ ಎದುರಾಗಿ.

"ಮಿಸ್ತ್ರೀ, ಗಾಡಿ ಮಾತು ನನಗ ಕೇಳತೈತಿ. ಹಿಂದಿನವರ ಹಾರನ್ ಕೇಳೂದಿಲ್ಲ. ಹಲ್ಲಾಗ ಇದನ್ನ ಹಿಡಕೊಂಡು ರಸ್ತೇಮ್ಯಾಗ ಹೋಗಾಕ ಬರತೈತೇನು? ನಿನ್ನೆ ಆ ಹೆಣ್ಮಗಳು ನನ್ನ ಹಿಂದ ಕೂಗಾಕತ್ತಿದ್ಲಂತ. ನನಗ ಒಂದೂ ಕೇಳಲಿಲ್ಲ. ಬಾಯಾರ ಕೈ ನಡಗೂದರಿಂದ ತಿಳಕೊಂಡೆ. ಸಾಕು ಇನ್ನ."

ಮಿಸ್ತ್ರಿ ಕೀಲಿಯನ್ನು ಹಿಡಿದುಕೊಂಡೇ ನಿಂತರು. "ನನ್ನ ಶೆಡ್ಡಿನ್ಯಾಗ ಕಿವಿ ಬೇಕಾಗಿಲ್ಲೋ ಬಾಬಾ, ಹಲ್ಲು ಇದ್ರ ಸಾಕು" ಎಂದು ಕೊನೆಗೆ ಹೇಳಿದರು. ನಗಿಸಲೆಂದು ಹೇಳಿದ ಮಾತು. ಯಾರೂ ನಗಲಿಲ್ಲ.

ಮೇಲಿನ ಸಾಹೇಬರು ಸುಲಭಕ್ಕೆ ಒಪ್ಪಲಿಲ್ಲ. ಡ್ರೈವರಿಗೆ ಶೆಡ್ಡಿನಲ್ಲಿ ಜಾಗವಿಲ್ಲ, ಕೆಲಸದಿಂದ ಬಿಡಿಸಬೇಕು ಎಂದರು. ಮಿಸ್ತ್ರಿ ದಿನ ಬಿಟ್ಟು ದಿನ ಅವರ ಕಚೇರಿಯ ಮುಂದೆ ಹೋಗಿ ಕೂತರು. ಸುಮಿತ್ರಾಬಾಯಿ ಆಸ್ಪತ್ರೆಯ ಡಾಕ್ಟರರಿಂದ ಹೇಳಿಸಿದರು. ಹುಬ್ಬಳ್ಳಿಯ ಕಿವಿ ಡಾಕ್ಟರು ಪರೀಕ್ಷಿಸಿ, ನರ ಚೆನ್ನಾಗಿದೆ, ಅದಕ್ಕೇ ಹಲ್ಲು, ತಲೆಯ ಎಲುಬಿನ ಮೂಲಕ ಹೋದ ಸದ್ದು ಕೇಳುತ್ತದೆ, ಕಿವಿಯೊಳಗಿನ ಸಣ್ಣ ಎಲುಬು ಬಿಗಿದುಕೊಂಡಿದೆ, ಮುಂಬಯಿಗೆ ಹೋದರೆ ಆಪರೇಷನ್ ಆಗಬಹುದು ಎಂದರು. ಮುಂಬಯಿಯ ಮಾತನ್ನು ಜುವಾಂವಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಹೆಲ್ಪರ್ ಎಂಬ ಹೆಸರಲ್ಲಿ ಅವನನ್ನು ಶೆಡ್ಡಿಗೆ ಹಾಕಿದರು. ಖಾಕಿ ಅಂಗಿ ಹೋಗಿ ನಮ್ಮಂತೆ ನೀಲಿ ಅಂಗಿ ಬಂತು. ಅದನ್ನೂ ಅವನು ಇಸ್ತ್ರಿ ಮಾಡಿಯೇ ಹಾಕಿಕೊಂಡು ಬರುತ್ತಿದ್ದ.

ಆ ಮೇಲಿನ ಎಂಟು ಹತ್ತು ವರ್ಷಗಳು ನನ್ನ ವೃತ್ತಿಯ ಒಳ್ಳೆಯ ದಿನಗಳು. ನಾನು ಹೊಗೆ ಮೂಸುತ್ತಿದ್ದೆ, ಅವನು ಸ್ಕ್ರೂಡ್ರೈವರ್ ಕಚ್ಚುತ್ತಿದ್ದ. ಇಬ್ಬರ ತೀರ್ಪು ಒಂದಾಗುವವರೆಗೆ ಪಾನಾ ಮುಟ್ಟುತ್ತಿರಲಿಲ್ಲ. ಮಾತು ಕಡಿಮೆ. ಅವನಿಗೆ ಕೇಳುವುದಿಲ್ಲ, ನನಗೆ ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಕೈ ಚಾಚಿದರೆ ಬೇಕಾದ ಪಾನಾ ಕೈಗೆ ಬರುತ್ತಿತ್ತು. ಮಧ್ಯಾಹ್ನ ಅವನ ಡಬ್ಬಿಯ ಮೀನಿನ ವಾಸನೆ ನನ್ನ ರೊಟ್ಟಿಗೆ ತಾಗಬಾರದೆಂದು ದೂರ ಕೂರುತ್ತಿದ್ದ. ಒಂದು ದಿನ ನಾನೇ ಎದ್ದು ಹೋಗಿ ಅವನ ಪಕ್ಕ ಕೂತೆ. ಅಲ್ಲಿಂದಾಚೆ ಇಬ್ಬರೂ ಒಂದೇ ಕಡೆ.

ಆದರೆ ಬೆಳಿಗ್ಗೆ ಆಸ್ಪತ್ರೆ ಜೀಪು ಹೊಸ ಡ್ರೈವರನೊಂದಿಗೆ ಗೇಟು ದಾಟುವಾಗ ಅವನು ಕೆಲಸ ನಿಲ್ಲಿಸುತ್ತಿದ್ದ. ಜೀಪು ಮರೆಯಾಗುವವರೆಗೆ ನೋಡುತ್ತಿದ್ದ. ಕೈಯಲ್ಲಿದ್ದ ಚಿಂದಿಯಿಂದ ಬೆರಳುಗಳನ್ನು ಒರೆಸಿಕೊಳ್ಳುತ್ತಲೇ ಇರುತ್ತಿದ್ದ. "ಉಳವಿ ಕಡೆ ಈಗ ಹುಲ್ಲು ಎದ್ದಿರಬೇಕು" ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡ. ಕಿವುಡರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ. ಇಡೀ ಶೆಡ್ಡಿಗೆ ಕೇಳಿಸಿತು.

ಅದನ್ನು ಕೇಳಿದ ಮಿಸ್ತ್ರಿ ಮರುವಾರ ಒಂದು ಜೀಪಿನ ಕೀಲಿಯನ್ನು ಅವನತ್ತ ಎಸೆದರು. "ಟ್ರಯಲ್ ನೋಡಕೊಂಡು ಬರ್ರಿ. ಶಿವಪ್ಪ ಬಾಜೂಕ ಕುಂದರಲಿ."

ಕುಳಗಿಯ ದಾರಿ, ವಾಹನಗಳೇ ಇರಲಿಲ್ಲ. ಎರಡೂ ಕಡೆ ಬಿದಿರು. ಜುವಾಂವಣ್ಣ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಮೊದಲು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಬಾಯಾರು ಅಷ್ಟು ದಿನ ಏನು ಮಾಡುತ್ತಿದ್ದರೆಂದು ಆಗ ನನಗೆ ತಿಳಿಯಿತು. ಹಿಂದೆ ಮುಂದೆ ಏನೂ ಇಲ್ಲದಿದ್ದರೂ ಕೈ ತೆಗೆಯಲು ಧೈರ್ಯವಾಗಲಿಲ್ಲ. ಅವನು ನಿಧಾನಕ್ಕೆ ಹೊಡೆದ. ಕೊಂಕಣಿಯ ಯಾವುದೋ ಹಾಡನ್ನು ಗುನುಗುತ್ತಿದ್ದ. ಹಾಡು ಶ್ರುತಿ ತಪ್ಪಿತ್ತು, ಗೇರು ಒಂದೂ ತಪ್ಪಲಿಲ್ಲ. ಕುಳಗಿ ಮುಟ್ಟಿ ತಿರುಗಿಸುವಾಗ, "ಇನ್ನೂ ಸ್ವಲ್ಪ ಮುಂದ ಹೋಗೂಣು?" ಎಂದು ಕೇಳಿದ. ಶೆಡ್ಡಿನಲ್ಲಿ ಕಾಯುತ್ತಾರೆಂದು ನಾನು ಕೈಯಾಡಿಸಿ ತೋರಿಸಿದೆ. ಅವನು ಹೂಂ ಎಂದು ತಿರುಗಿಸಿದ. ಆ ದಿನ ಇನ್ನೂ ಸ್ವಲ್ಪ ಮುಂದೆ ಹೋಗಿದ್ದರೆ ಯಾರದೇನು ಹೋಗುತ್ತಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಎಂಬತ್ತರ ದಶಕ ಸರಿದಂತೆ ಡೀಸೆಲ್ ಜೀಪುಗಳು ಬಂದವು. ಕಾರ್ಬುರೇಟರ್ ಇಲ್ಲ, ಪ್ಲಗ್ಗಿನ ಬಣ್ಣವಿಲ್ಲ. ಪಂಪು, ನಾಜಲ್ ಎಂದು ನಾವು ಮೊದಲಿಂದ ಕಲಿತೆವು. ಹೊಸದನ್ನು ಕಲಿಯುವುದಕ್ಕೆ ಬೇಸರಪಡಬೇಡಿರಿ. ನಾನೂ ಪಡಲಿಲ್ಲ. ಆದರೆ ಹಳೆಯ ಜೀಪುಗಳನ್ನು ಒಂದೊಂದಾಗಿ ಹರಾಜಿಗೆ ನಿಲ್ಲಿಸಿದಾಗ ಗೇಟಿನ ಕಡೆ ನೋಡಲು ನನ್ನಿಂದ ಆಗಲಿಲ್ಲ. ಮಿಸ್ತ್ರಿ ನಿವೃತ್ತರಾಗಿ ಬೆಳಗಾವಿಗೆ ಹೋದರು. ಸುಮಿತ್ರಾಬಾಯಿಗೆ ಮುಂಡಗೋಡಕ್ಕೆ ವರ್ಗವಾಯಿತು. ಹೊರಡುವ ದಿನ ಅವರು ಶೆಡ್ಡಿಗೆ ಬಂದು ಜುವಾಂವಣ್ಣನ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು ಹೋದರು. ಅವನೂ ಅವಧಿಗೆ ಮೊದಲೇ ಕೆಲಸ ಬಿಟ್ಟು ಊರಿಗೆ ಹೋದ. ಸುತ್ತಲ ತಾಲೂಕುಗಳ ಗಾಡಿಗಳು ಆಮೇಲೂ ಬಂದವು, ಕೆಲಸಕ್ಕೇನೂ ಕಡಿಮೆ ಇರಲಿಲ್ಲ. ಕೈ ಚಾಚಿದಾಗ ಮಾತ್ರ ಕೈ ಹಾಗೇ ಗಾಳಿಯಲ್ಲಿ ನಿಂತಿರುತ್ತಿತ್ತು.

ನಾನು ನಿವೃತ್ತನಾದ ಮೇಲೆ ಅವನ ಊರಿಗೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ತಲೆಯೆಲ್ಲ ಬೆಳ್ಳಗಾಗಿತ್ತು, ಹಲ್ಲು ಬಹಳ ಉಳಿದಿರಲಿಲ್ಲ. ಹೆಂಡತಿ ಮರಿಯಾಬಾಯಿ ಅನ್ನ, ಮೀನಿನ ಸಾರು ಮಾಡಿದ್ದರು. ನನಗೆಂದು ಬೇರೆ ಬೇಳೆ ಸಾರು ಮಾಡಿದ್ದರು. ಮಧ್ಯಾಹ್ನವೆಲ್ಲ ಅಂಗಳದಲ್ಲಿ ಕೂತೆವು. ಅವನು ಕೇಳಿದ್ದು ಒಂದೇ: "ಕುಂಬಾರವಾಡದ ರಸ್ತೆ ಡಾಂಬರ ಆತೇನು?" ಆಗಿದೆ ಎಂದು ತಲೆಯಾಡಿಸಿದೆ. "ಛಲೋ ಆತು" ಎಂದ. ಆ ದನಿಯಲ್ಲಿ ಸಂತೋಷವೂ ಇತ್ತು, ತಾನಿಲ್ಲದೆ ಆಯಿತಲ್ಲ ಎಂಬುದೂ ಇತ್ತು.

ಸಂಜೆಯ ಬಸ್ಸಿಗೆ ಬೀಳ್ಕೊಡಲು ರಸ್ತೆಯವರೆಗೆ ಬಂದ. ಬಸ್ಸು ಬಂತು. ನಾನು ಹತ್ತಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಜುವಾಂವಣ್ಣ, ಮತ್ತ ಬರ್ತೇನಿ" ಎಂದು ಕೂಗಿದೆ. ಬಸ್ಸು ಆಗಲೇ ಅಲುಗುತ್ತಿತ್ತು, ಅವನಿಗೆ ನನ್ನ ತುಟಿ ಕಾಣಲಿಲ್ಲವೇನೋ. ಏನು ಹೇಳಿದೆನೆಂದು ತಿಳಿದನೋ, ಎರಡು ಹೆಜ್ಜೆ ಜೊತೆಗೆ ಬಂದು ಬಸ್ಸಿನವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ: "ಹೂಂ, ಮುಂದ ಏರು ಐತಿ. ಎರಡನೇ ಗೇರಿನ್ಯಾಗ ಹೋಗಂತ ಹೇಳು!"

ಬಸ್ಸಿನಲ್ಲಿದ್ದವರು ನಕ್ಕರು. ನಾನು ಡ್ರೈವರಿಗೆ ಏನೂ ಹೇಳಲಿಲ್ಲ. ಊರು ದಾಟಿದ ಮೇಲೆ ಏರು ಬಂತು. ಡ್ರೈವರು ತಾನಾಗಿಯೇ ಎರಡನೇ ಗೇರಿಗೆ ಇಳಿಸಿದ. ಬಸ್ಸು ಎಲ್ಲಿಯೂ ಮುಗ್ಗರಿಸದೆ ಹತ್ತಿತು. ನಾನು ಕಣ್ಣು ಮುಚ್ಚಿ, ಏರು ಮುಗಿಯುವವರೆಗೂ ಆ ಎಂಜಿನ್ನಿನ ದನಿಯನ್ನು ಕೇಳುತ್ತ ಕೂತೆ.